ಗಾಡೀಲಿ ಕೂತಿರೋ ಮಗು ದೊಡ್ಡವರ ಥರ ಯಾಕೆ ಕಾಣತ್ತೆ?

ಪ್ರಶ್ನೆ: ನಮಸ್ತೆ ಮೇಡಂ, ನಾನು ಹೈಸ್ಕೂಲ್ ಟೀಚರ್. ಆಯಿಲ್ ಪೋರ್ಟ್ರೇಟ್ ಕಲಿಯೋಣ ಅಂತ ಜರ್ಮನಿಯ ಫಿಲಿಪ್ ಒಟ್ಟೊ ರುಂಗೆ ಬಿಡಿಸಿದ ಹ್ಯೂಲ್ಸೆನ್‌ಬೆಕ್ ಮಕ್ಕಳ ಚಿತ್ರ ಕಾಪಿ ಮಾಡ್ತಿದೀನಿ. ಮೂರು ಸಲ ಬಿಡಿಸಿದೆ, ಮೂರು ಸಲಾನೂ ಗಾಡೀಲಿ ಕೂತಿರೋ ಚಿಕ್ಕ ಮಗು ನಲವತ್ತು ವರ್ಷದವರ ಥರ ಕಾಣತ್ತೆ, ಕೆನ್ನೆ ಬಣ್ಣ ಕೆಸರಾಗತ್ತೆ. ಎಲ್ಲಿ ತಪ್ತಿದೀನಿ? ಇನ್ನೊಂದು, ಅಂಗಡೀಲಿ ಸಿಗೋ ತಿನ್ನೋ ಅಗಸೆ ಎಣ್ಣೆನೇ ಬಣ್ಣಕ್ಕೆ ಬೆರೆಸಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಈ ಚಿತ್ರ ಅಂದ್ರೆ ನನಗೆ ಪ್ರಾಣ, ಆದ್ರೆ ಕಲಿಯೋರಿಗೆ ಕಷ್ಟದ್ದೇ. 1805-06ರಲ್ಲಿ ರುಂಗೆ ತನ್ನ ಅಣ್ಣನ ಬಿಸಿನೆಸ್ ಪಾರ್ಟ್ನರ್ ಮಕ್ಕಳನ್ನ ಬಿಡಿಸಿದ್ದು ಇದು, ಈಗ ಹ್ಯಾಂಬರ್ಗ್‌ನ ಮ್ಯೂಸಿಯಂನಲ್ಲಿದೆ. ಮಕ್ಕಳ ಎತ್ತರಕ್ಕೇ ಬಗ್ಗಿ ನೋಡಿದ ಹಾಗಿದೆ, ಯಾರೂ ನಗ್ತಿಲ್ಲ, ಚಿಕ್ಕದು ಸೂರ್ಯಕಾಂತಿ ಗಿಡ ಹಿಡ್ಕೊಂಡು ನಮ್ಮನ್ನೇ ದಿಟ್ಟಿಸ್ತಿದೆ. ಆ ಮುಖದಲ್ಲಿ ನಗುವಿನ ಆಸರೆ ಇಲ್ಲವಲ್ಲ, ಹಾಗಾಗಿ ಅಳತೆ ಒಂಚೂರು ಜಾರಿದ್ರೂ ಮಗು ಹೋಗಿ ದೊಡ್ಡವರು ಬಂದು ಕೂತ್ಬಿಡ್ತಾರೆ.

ನನ್ನ ಅಂದಾಜಲ್ಲಿ ನೀವು ಕಣ್ಣನ್ನ ಮೇಲೆ ಇಟ್ಟಿದೀರಿ. ದೊಡ್ಡವರಲ್ಲಿ ನೆತ್ತಿಯಿಂದ ಗದ್ದಕ್ಕೆ ಸರಿ ಅರ್ಧಕ್ಕೆ ಕಣ್ಣು ಬರತ್ತೆ, ಪುಟ್ಟ ಮಕ್ಕಳಲ್ಲಿ ಅದಕ್ಕಿಂತ ಕೆಳಗೆ, ಹಣೆನೇ ಜಾಸ್ತಿ, ಮೂಗು ಬಾಯಿ ಗದ್ದ ಎಲ್ಲಾ ಉಳಿದ ಸ್ವಲ್ಪ ಜಾಗದಲ್ಲೇ ಒತ್ತೊತ್ತಾಗಿ ಇರತ್ತೆ. ಮೂರು ಮಕ್ಕಳು, ಬೇಲಿ, ಗಿಡ ಎಲ್ಲಾ ಸದ್ಯಕ್ಕೆ ಬಿಡಿ. ಆ ಒಂದು ತಲೆ ಮಾತ್ರ ತಗೊಂಡು, ಫೋಟೋನ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ತೆಗೆಸಿ ಗ್ರಿಡ್ ಹಾಕಿ, ಬರೀ ಬರ್ನ್ಟ್ ಅಂಬರ್ (ಗಾಢ ಕಂದು ಬಣ್ಣ) ಮತ್ತು ಬಿಳಿಯಲ್ಲಿ ಬಿಡಿಸಿ. ಅದರಲ್ಲಿ ಮಗು ಮಗುವಾಗಿ ಕಂಡ ಮೇಲೇ ಬಣ್ಣ ಮುಟ್ಟಿ.

ಕೆಸರಿನ ವಿಷಯಕ್ಕೆ ಬಂದ್ರೆ ರುಂಗೆನೇ ಉತ್ತರ ಬರೆದಿಟ್ಟು ಹೋಗಿದಾನೆ. 1810ರಲ್ಲಿ, ತಾನು ತೀರ್ಕೊಂಡ ವರ್ಷವೇ, ಬಣ್ಣಗಳನ್ನ ಒಂದು ಗೋಳದ ಮೇಲೆ ಜೋಡಿಸಿ ತೋರಿಸಿದ, ಒಂದು ತುದಿಗೆ ಬಿಳಿ, ಇನ್ನೊಂದಕ್ಕೆ ಕಪ್ಪು, ನಡು ಸುತ್ತಲೂ ಅಚ್ಚ ಬಣ್ಣಗಳು, ಒಳಗೆ ನಟ್ಟನಡುವೆ ಬೂದು. ಎದುರುಬದುರು ಬಣ್ಣ ಬೆರೆಸಿದ್ರೆ ಆ ಬೂದಿಗೇ ಇಳಿಯತ್ತೆ. ನೀವು ಎಲೆ ಬಿಡಿಸಿದ ಹಸಿರು ಬ್ರಷ್ಷನ್ನೇ ಒರೆಸಿ ಕೆನ್ನೆಯ ಕೆಂಪಿಗೆ ಹಚ್ತಿದ್ರೆ ಆಗ್ತಿರೋದು ಅದೇ! ಕೆನ್ನೆಗೆ ಬೇರೆ ಬ್ರಷ್ ಇಡಿ, ನೆರಳಿಗೆ ಟ್ಯೂಬಿನ ಕಪ್ಪು ಬೇಡ, ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಕಂದಿಗೆ ಅಲ್ಟ್ರಾಮರೀನ್ ನೀಲಿ ಚೂರು ಸೇರಿಸಿ ಸಾಕು, ಮತ್ತೆ ಹಚ್ಚಿದ ಬಣ್ಣನ ಪದೇ ಪದೇ ಉಜ್ಜಬೇಡಿ. ಟೈಟೇನಿಯಂ ಬಿಳಿ ಕೂಡ ಸ್ವಲ್ಪ ಸ್ವಲ್ಪನೇ ಹಾಕಿ, ಜಾಸ್ತಿಯಾದ್ರೆ ಚರ್ಮ ಸುಣ್ಣ ಬಳಿದ ಹಾಗಾಗತ್ತೆ.

ಫೋನಲ್ಲಿ ನೋಡಿ ಬಣ್ಣದ ದಪ್ಪ, ತೆಳು ಗೊತ್ತಾಗಲ್ಲ. ನಿಮಗೆ ಮೈಸೂರು ಹತ್ತಿರವೇ, ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಆಯಿಲ್ ಚಿತ್ರಗಳಿವೆ, ಹೋಗಿ ಮುಖದ ನೆರಳು ಮುಗಿದು ಬೆಳಕು ಶುರುವಾಗೋ ಅಂಚನ್ನೇ ನಿಂತು ನೋಡಿ.

ಅಗಸೆ ಎಣ್ಣೆ: ತಿನ್ನೋದು ಬೇಡ, ಅದು ಬಣ್ಣಕ್ಕೆ ಅಂತ ಶುದ್ಧ ಮಾಡಿದ್ದಲ್ಲ. ಆರ್ಟ್ ಅಂಗಡೀಲಿ ರಿಫೈಂಡ್ ಲಿನ್ಸೀಡ್ ಆಯಿಲ್ ಕೇಳಿ. ಮೊದಲ ಪದರಕ್ಕೆ ಎಣ್ಣೆ ಕಮ್ಮಿ, ಮೇಲಿನದಕ್ಕೆ ಜಾಸ್ತಿ, ಉಲ್ಟಾ ಮಾಡಿದ್ರೆ ಮುಂದೆ ಬಿರುಕು ಬಿಡತ್ತೆ.