ಪೆಟ್ಟು ಬಿದ್ದಾಗ ಬೀಟಾ ಬ್ಲಾಕರ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ತಂದೆಗೆ 70 ವರ್ಷ. ಬಿಪಿಗೆ ದಿನವೂ ಮೆಟೊಪ್ರೊಲಾಲ್ 50 ಮಿ.ಗ್ರಾಂ. ಸ್ಟೇಷನ್ ಮೆಟ್ಟಿಲಲ್ಲಿ ಜಾರಿ ಎಡ ಪಕ್ಕೆಗೆ ಪೆಟ್ಟಾಯಿತು. ಗಾಯವಿಲ್ಲ, ನಾಡಿ 72, ಬಿಪಿ 108. ಆದರೂ ಆಸ್ಪತ್ರೆಯವರು ಸ್ಕ್ಯಾನ್ ಮಾಡಿ ರಾತ್ರಿಯಿಡೀ ಇರಿಸಿಕೊಂಡರು. ಬೇಕಿತ್ತೇ?
– ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಬೇಕಿತ್ತು. ಎಡ ಕೆಳಪಕ್ಕೆಯ ಹಿಂದೆ ಗುಲ್ಮ (ಸ್ಪ್ಲೀನ್) ಇದೆ. ಅದು ಸೀಳಿದರೆ ಹೊರಗೆ ಒಂದು ಹನಿಯೂ ಕಾಣದೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಸಾಮಾನ್ಯವಾಗಿ ಇದರ ಸುಳಿವು ಕೊಡುವುದು ನಾಡಿ. 110, 120ಕ್ಕೆ ಏರುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಬೀಟಾ ಬ್ಲಾಕರ್‌ಗಳು, ಅಂದರೆ ನಾಡಿ ಏರಿಸುವ ಅಡ್ರಿನಲಿನ್ ಹಾರ್ಮೋನಿಗೆ ಹೃದಯದಲ್ಲಿ ತಡೆಯೊಡ್ಡುವ ಗುಳಿಗೆಗಳು. ಇವನ್ನು ನುಂಗುವವರಲ್ಲಿ ಅಡ್ರಿನಲಿನ್ ಹೆಚ್ಚಿದರೂ ನಾಡಿ ಅಷ್ಟು ಏರದಿರಬಹುದು.

ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸುವ ಲೆಕ್ಕವೊಂದಿದೆ. 0.5ರಿಂದ 0.7 ಸಹಜ, 0.9 ದಾಟಿದರೆ ಅಪಾಯ. ನಿಮ್ಮ ತಂದೆಯದು 0.67, ಅಂದರೆ ಲೆಕ್ಕದಲ್ಲಿ ಎಲ್ಲವೂ ಸರಿ! ಆದರೆ ದಿನವೂ 150 ಬಿಪಿ ಇರುವವರಿಗೆ 108 ದೊಡ್ಡ ಇಳಿತ. 65 ದಾಟಿದವರಲ್ಲಿ 110ಕ್ಕಿಂತ ಕಡಿಮೆಯಾದರೆ ಒಳ ರಕ್ತಸ್ರಾವವನ್ನು ಶಂಕಿಸಲೇಬೇಕು. ಅದಕ್ಕೇ ಸೊನೋಗ್ರಫಿ, ಸಿಟಿ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾಗ ಏರುವ ಅಂಶ) ಪರೀಕ್ಷೆ, ಕೆಲವು ಗಂಟೆಗೊಮ್ಮೆ ಹಿಮೋಗ್ಲೋಬಿನ್. ಮೊದಲ ಹಿಮೋಗ್ಲೋಬಿನ್ ಸರಿಯಿತ್ತೆಂದು ನಿಶ್ಚಿಂತರಾಗಬಾರದು: ರಕ್ತ ಹೋದ ಕೂಡಲೇ ಉಳಿದದ್ದು ತೆಳುವಾಗುವುದಿಲ್ಲ.

ಕ್ಯಾಶುವಾಲ್ಟಿಯಲ್ಲಿ 'ಬೀಪೀಚಿ ಗೋಳಿ' (ಮರಾಠಿಯಲ್ಲಿ ಬಿಪಿ ಗುಳಿಗೆ) ಎಂದಷ್ಟೇ ಹೇಳಿದರೆ ಸಾಲದು. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಬಾರಿ ನುಂಗಿದ ಹೊತ್ತು, ರಕ್ತ ತೆಳುವಾಗಿಸುವ ಗುಳಿಗೆ ಇದೆಯೇ ಎಂಬುದು ಪರ್ಸಿನಲ್ಲೊಂದು ಚೀಟಿಯಲ್ಲಿರಲಿ. ಮೆಟೊಪ್ರೊಲಾಲ್ ಅನ್ನು ನೀವಾಗಿ ನಿಲ್ಲಿಸಬೇಡಿ, ದಿಢೀರ್ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು.

ಪ್ರಶ್ನೆ: ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ತಮ್ಮ (28) ಐಸಿಯುನಲ್ಲಿದ್ದಾನೆ. ಬಿಪಿ ರೋಗವಿಲ್ಲ, ಆದರೂ ಪ್ರೊಪ್ರನೊಲಾಲ್ ಕೊಡುತ್ತಿದ್ದಾರೆ. ಯಾಕೆ?
– ಓದುಗರು, ಪುಣೆ

ಉತ್ತರ: ಮಿದುಳಿಗೆ ಬಲವಾದ ಪೆಟ್ಟಾದಾಗ ಅಡ್ರಿನಲಿನ್, ನಾರಡ್ರಿನಲಿನ್ ದಿನಗಟ್ಟಲೆ ಉಕ್ಕುತ್ತವೆ. ಮೈ ಬೆವರಿ, ಜ್ವರ ಬಂದು, ನಾಡಿ ಓಡಿ, ಕೈಕಾಲು ಸೆಟೆಯುತ್ತವೆ; ಹೃದಯ ಬಳಲುತ್ತದೆ, ಮಾಂಸಖಂಡ ಕರಗುತ್ತದೆ. ಪ್ರೊಪ್ರನೊಲಾಲ್ ಮಿದುಳಿನೊಳಕ್ಕೂ ಹೋಗುವ ಬೀಟಾ ಬ್ಲಾಕರ್, ಆದ್ದರಿಂದ ಅದನ್ನು ಆರಿಸುತ್ತಾರೆ. ಸುಟ್ಟ ಗಾಯದ ಮಕ್ಕಳಲ್ಲಿ ಅದರಿಂದ ನಾಡಿ ಸುಮಾರು 20% ತಗ್ಗಿಸಿದಾಗ ಸ್ನಾಯು ಉಳಿದುಕೊಂಡಿತೆಂದು 2001ರ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು.

ತಲೆಪೆಟ್ಟಿನಲ್ಲಿ ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. ಔಷಧ ಪಡೆದವರಲ್ಲಿ ಸಾವು ಕಡಿಮೆ ಎಂದ ಹೆಚ್ಚಿನ ಅಧ್ಯಯನಗಳು ಹಳೆಯ ಕೇಸ್‌ಪೇಪರ್ ತಿರುವಿ ಮಾಡಿದವು. ಬಿಪಿ ಕುಸಿದವರಿಗೆ ಈ ಔಷಧ ಕೊಡುವುದೇ ಇಲ್ಲ, ಮೊದಲ ದಿನವೇ ತೀರಿಕೊಂಡವರಿಗೆ ಕೊಡಲು ಸಮಯವೇ ಸಿಗುವುದಿಲ್ಲ. ಹೀಗೆ ಬದುಕುವವರೇ ಔಷಧದ ಗುಂಪಿಗೆ ಸೇರಿಬಿಡುತ್ತಾರೆ. ಅಮೆರಿಕದ ಟ್ರಾಮಾ ಶಸ್ತ್ರವೈದ್ಯರ ಸಂಘವೊಂದು 2017ರಲ್ಲಿ ಇದನ್ನು ಐಸಿಯು ರೋಗಿಗಳಿಗೆ ಷರತ್ತಿನ ಮೇಲೆ ಮಾತ್ರ ಶಿಫಾರಸು ಮಾಡಿತು.

ನೀವು ಕೇಳಬೇಕಾದದ್ದು ಬಿಪಿಯ ಬಗ್ಗೆ. ಈ ವಯಸ್ಸಿನ ತಲೆಪೆಟ್ಟಿನಲ್ಲಿ ಮೇಲಿನ ಬಿಪಿ 110ಕ್ಕಿಂತ ಇಳಿಯಬಾರದು, ಮಿದುಳಿಗೆ ರಕ್ತ ಸಾಲದೆ ಎರಡನೇ ಪೆಟ್ಟು ಬೀಳುತ್ತದೆ. ತಮ್ಮನಿಗೆ ದಮ್ಮು ಇದ್ದರೆ, ಚಿಕ್ಕಂದಿನಲ್ಲಿ ಇನ್ಹೇಲರ್ ಬಳಸಿದ್ದರೂ ಸರಿ, ಇಂದೇ ತಿಳಿಸಿ. ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿಯುತ್ತದೆ.