ಮೊದಲ ಸರ್ಫ್‌ಬೋರ್ಡ್ ಉದ್ದದ್ದಿರಲಿ, ಗಿಡ್ಡದ್ದು ಕಾಯಲಿ

ಪ್ರಶ್ನೆ: ನನಗೆ 29 ವರ್ಷ, ತೂಕ 70 ಕೆ.ಜಿ. ಆರು ದಿನ ಸರ್ಫಿಂಗ್ ತರಗತಿಗೆ ಹೋಗಿದ್ದೇನೆ. ದಡದ ಹತ್ತಿರದ ನೊರೆ ಅಲೆಗಳಲ್ಲಿ ಎದ್ದು ನಿಲ್ಲಲು ಬರುತ್ತದೆ. ಈಗ ಸ್ವಂತದ ಬೋರ್ಡ್ ಬೇಕೆನಿಸಿದೆ. ಸ್ನೇಹಿತರೊಬ್ಬರು ತಮ್ಮ 6 ಅಡಿ 2 ಇಂಚಿನ ಹಳೆಯ ಫೈಬರ್‌ಗ್ಲಾಸ್ ಶಾರ್ಟ್‌ಬೋರ್ಡನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಮುಂದೆ ಹೇಗೂ ಗಿಡ್ಡ ಬೋರ್ಡಿಗೇ ಹೋಗುವುದಾದರೆ ಈಗಿನಿಂದಲೇ ಅದರಲ್ಲಿ ಕಲಿಯಬಾರದೇ? ದುಡ್ಡೂ ಸಮಯವೂ ಉಳಿಯುತ್ತದಲ್ಲವೇ?

ಉತ್ತರ: ದುಡ್ಡು ಉಳಿಯಬಹುದು, ಸಮಯ ಖಂಡಿತ ಉಳಿಯುವುದಿಲ್ಲ. ದಯವಿಟ್ಟು ಆ ಬೋರ್ಡ್ ಕೊಳ್ಳಬೇಡಿ.

ಒಂದು ಗಂಟೆ ಸಮುದ್ರದಲ್ಲಿದ್ದರೆ ಬೋರ್ಡಿನ ಮೇಲೆ ನಿಂತು ಸಾಗುವ ಹೊತ್ತು ಕೆಲವೇ ನಿಮಿಷ. ಉಳಿದದ್ದೆಲ್ಲ ಕೈಯಿಂದ ನೀರು ತಳ್ಳುವುದು, ಅಲೆಗೆ ಕಾಯುವುದು. ಹಾಗಾಗಿ ಕಲಿಯುವವರಿಗೆ ಮುಖ್ಯವಾದದ್ದು ಎಷ್ಟು ಅಲೆ ಸಿಕ್ಕಿತು ಎಂಬುದೇ. ದಿನಕ್ಕೆ ಹದಿನೈದು ಅಲೆ ಹಿಡಿದವರು ಹದಿನೈದು ಸಲ ಎದ್ದು ನಿಲ್ಲುವ ಅಭ್ಯಾಸ ಮಾಡಿರುತ್ತಾರೆ. ಒಂದೇ ಅಲೆ ಹಿಡಿದವರಿಗೆ ಅಷ್ಟೇ ದಣಿವು, ಅಭ್ಯಾಸ ಮಾತ್ರ ಒಂದು ಸಲದ್ದು.

ಗಿಡ್ಡ ಬೋರ್ಡಿನಲ್ಲಿ ಅಲೆ ಯಾಕೆ ಸಿಗುವುದಿಲ್ಲ? ಲೆಕ್ಕ ಸರಳ. ಒಂದು ಲೀಟರ್ ಗಾತ್ರದ ಬೋರ್ಡ್ ಸುಮಾರು ಒಂದು ಕೆ.ಜಿ. ತೂಕವನ್ನು ತೇಲಿಸುತ್ತದೆ. ನಿಮ್ಮ ಸ್ನೇಹಿತರ ಬೋರ್ಡಿನ ಅಳತೆಯವು ಹೆಚ್ಚಾಗಿ 30 ಲೀಟರ್ ಆಸುಪಾಸಿನಲ್ಲಿರುತ್ತವೆ. ನೀವು 70 ಕೆ.ಜಿ. ಅದರ ಮೇಲೆ ಮಲಗಿದರೆ ಬೋರ್ಡ್ ನೀರಿನೊಳಗೆ ಇಳಿಯುತ್ತದೆ. ನಿಮ್ಮ ಎದೆ, ಹೊಟ್ಟೆ, ತೊಡೆ ಎಲ್ಲವೂ ನೀರನ್ನು ಸೀಳುತ್ತಾ ಸಾಗಬೇಕು. ಎಷ್ಟು ಕೈ ಬೀಸಿದರೂ ವೇಗ ಬರುವುದಿಲ್ಲ. 8 ಅಡಿಯ, 80 ಲೀಟರಿನ, ಮೆತ್ತನೆಯ ಮೈಯ ಫೋಮ್ ಬೋರ್ಡಾದರೆ ನಿಮ್ಮನ್ನು ನೀರಿನ ಮೇಲೆಯೇ ಹೊತ್ತುಕೊಳ್ಳುತ್ತದೆ, ನಾಲ್ಕು ಸಲ ಕೈ ಬೀಸಿದರೆ ಜಾರುತ್ತಾ ಹೋಗುತ್ತದೆ.

ಇದರಿಂದ ಇನ್ನೊಂದು ಲಾಭವಿದೆ, ನನ್ನ ಪ್ರಕಾರ ಅದೇ ದೊಡ್ಡದು. ವೇಗವಿದ್ದ ಬೋರ್ಡ್ ಅಲೆಯನ್ನು ಬೇಗ ಹಿಡಿಯುತ್ತದೆ, ಅಂದರೆ ಅಲೆ ಇನ್ನೂ ಇಳಿಜಾರಾಗಿ, ಸೌಮ್ಯವಾಗಿ ಇರುವಾಗಲೇ. ನಿಮಗೆ ಎದ್ದು ಕಾಲೂರಲು ಪುರಸೊತ್ತು ಸಿಗುತ್ತದೆ. ಗಿಡ್ಡ ಬೋರ್ಡ್ ಹಿಡಿಯುವುದು ಅಲೆ ಗೋಡೆಯಂತೆ ಎದ್ದು ಇನ್ನೇನು ಮುರಿಯಬೇಕು ಎನ್ನುವ ಕ್ಷಣದಲ್ಲಿ. ಆ ಒಂದು ಕ್ಷಣದಲ್ಲಿ ಜಿಗಿದು ನಿಲ್ಲುವುದು ವರ್ಷಗಟ್ಟಲೆ ಪಳಗಿದವರ ಕೆಲಸ. ಹೊಸಬರು ಮೂತಿ ಕೆಳಗಾಗಿ ಬೀಳುತ್ತಾರೆ, ಮತ್ತೆ ಮತ್ತೆ. ಉತ್ಸಾಹದಿಂದ ಬಂದವರು ಹೀಗೆ ಸೋತು ಸಮುದ್ರವನ್ನೇ ಬಿಟ್ಟುಹೋಗುವುದನ್ನು ಕಂಡಿದ್ದೇನೆ. ತಪ್ಪು ಅವರದ್ದಲ್ಲ, ಬೋರ್ಡಿನದ್ದು.

ನಿಮ್ಮ ತೂಕಕ್ಕೆ 8 ಅಡಿ ಉದ್ದ, 22ರಿಂದ 23 ಇಂಚು ಅಗಲ, ಮೂರು ಇಂಚಿಗಿಂತ ತುಸು ಹೆಚ್ಚು ದಪ್ಪದ ಫೋಮ್ ಬೋರ್ಡ್ ನೋಡಿ. ಲೀಟರ್ ಲೆಕ್ಕದಲ್ಲಿ 77ರಿಂದ 90ರೊಳಗೆ ಇರಲಿ. ಉದ್ದವೊಂದನ್ನೇ ನೋಡಿ ಮೋಸಹೋಗಬೇಡಿ, ಒಂದೇ ಉದ್ದದ ಎರಡು ಬೋರ್ಡುಗಳ ತೇಲುವ ಶಕ್ತಿ ಬೇರೆ ಬೇರೆ ಇರುತ್ತದೆ. ಒಳಗೆ ಮರದ ಪಟ್ಟಿಗಳಿವೆಯೇ ಎಂದು ಕೇಳಿ. ಬೆನ್ನೆಲುಬಿನಂಥ ಆ ಪಟ್ಟಿಗಳಿಲ್ಲದ ಅಗ್ಗದ ಬೋರ್ಡ್ ಕಾಲಡಿಯಲ್ಲಿ ಬಾಗುತ್ತದೆ. ಬೋರ್ಡಿನ ಅಡಿಯಲ್ಲಿ, ಹಿಂತುದಿಯ ಬಳಿ ಇರುವ ರೆಕ್ಕೆಗಳಾದ ಫಿನ್‌ಗಳ ಬಗ್ಗೆ ಈಗ ತಲೆಕೆಡಿಸಿಕೊಳ್ಳಬೇಡಿ. ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆಂಡರ್ಸನ್ 1981ರ ಹೊತ್ತಿಗೆ ಜನಪ್ರಿಯಗೊಳಿಸಿದ ಮೂರು ಫಿನ್‌ಗಳ ಜೋಡಣೆಯೇ ಹೆಚ್ಚಿನ ಬೋರ್ಡುಗಳಲ್ಲಿದೆ, ಅದು ಸಾಕು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್ ಮಾತ್ರ ಬೋರ್ಡಿನಷ್ಟೇ ಉದ್ದವಿರಲಿ.

ಫೋಮ್ ಎಂದ ಮಾತ್ರಕ್ಕೆ ಪೆಟ್ಟಾಗುವುದಿಲ್ಲ ಎಂದಲ್ಲ. ಫೈಬರ್‌ಗ್ಲಾಸಿನ ಚೂಪು ಮೂತಿಗಿಂತ ವಾಸಿ, ಅಷ್ಟೇ. ಬಿದ್ದು ಮೇಲೆ ಬರುವಾಗ ಕೈಗಳಿಂದ ತಲೆ ಮುಚ್ಚಿಕೊಳ್ಳಿ. ಬರುವ ಅಲೆಗೂ ನಿಮಗೂ ನಡುವೆ ಬೋರ್ಡ್ ಹಿಡಿದು ನಿಲ್ಲಲೇಬೇಡಿ, ಅಲೆ ಅದನ್ನು ನೇರ ನಿಮ್ಮ ಮುಖಕ್ಕೆ ಎತ್ತಿ ಹೊಡೆಯುತ್ತದೆ.

ಇನ್ನೂ ಮುರಿಯದ ಅಲೆಯನ್ನು ಯಾರ ಸಹಾಯವೂ ಇಲ್ಲದೆ ಹಿಡಿದು, ಎಡಕ್ಕೂ ಬಲಕ್ಕೂ ಅದರ ಮೈಮೇಲೆ ಸಾಗಲು ಬಂದಾಗ ಏಳು-ಏಳೂವರೆ ಅಡಿಯ ಬೋರ್ಡಿಗೆ ಇಳಿಯಿರಿ. ಸ್ನೇಹಿತರ ಶಾರ್ಟ್‌ಬೋರ್ಡ್ ಅದರ ನಂತರದ ಮಾತು.

ಪ್ರಶ್ನೆ: ಬಳಸಿದ ಫೈಬರ್‌ಗ್ಲಾಸ್ ಲಾಂಗ್‌ಬೋರ್ಡ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮೊದಲು ಕಾಲು ಜಾರದಿರಲೆಂದು ಮೇಲೆ ಹಚ್ಚಿದ ಹಳೆಯ ಮೇಣ ಕೆರೆದು ತೋರಿಸಲು ಹೇಳಿ. ಬಿರುಕುಗಳು ಅಡಗುವುದು ಅದರ ಕೆಳಗೇ. ಆಮೇಲೆ ಹೆಬ್ಬೆರಳಿಂದ ಉದ್ದಕ್ಕೂ ಒತ್ತುತ್ತಾ ಹೋಗಿ. ಎಲ್ಲಾದರೂ ಮೆತ್ತಗೆ ಒಳಗಿಳಿದರೆ ಅಲ್ಲಿ ಹೊರಗಿನ ಫೈಬರ್‌ಗ್ಲಾಸ್ ಪದರ ಒಳಗಿನ ಫೋಮಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಹಳೆಯ ಪೆಟ್ಟಿನ ಸುತ್ತ ಕಂದು ಕಲೆಯಿದ್ದರೆ ಒಳಗೆ ನೀರು ಹೋಗಿರುತ್ತದೆ. ಫಿನ್ ಕೂರುವ ಜಾಗದ ಸುತ್ತಲಿನ ಸೀಳು, ಬೋರ್ಡಿಗೆ ಅಡ್ಡಲಾಗಿ ಬಿದ್ದ ಮಡಿಕೆಯ ಗೆರೆ, ಇವೆರಡರಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ಉಳಿದ ಸಣ್ಣಪುಟ್ಟ ಗಾಯಗಳನ್ನು ರೆಸಿನ್ ಹಚ್ಚಿ ಮುಚ್ಚಬಹುದು, ಆದರೆ ಪೂರ್ತಿ ಒಣಗಿಸಿದ ಮೇಲೆ. ಕೊಂಡ ದಿನದಿಂದಲೇ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬೇಡಿ, ಆ ಶಾಖಕ್ಕೆ ಒಳ್ಳೆಯ ಬೋರ್ಡಿನ ಪದರವೂ ಕಿತ್ತುಬರುತ್ತದೆ.