ಹುಬ್ಬಿನ ಗೆರೆ ಹೋಯ್ತು, ರೆಪ್ಪೆ ಇಳಿಯಿತು

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಅಣ್ಣನ ಮಗಳ ಮದುವೆ ಅಂತ ಹುಬ್ಬಳ್ಳಿಯ ಒಂದು ಕ್ಲಿನಿಕ್ಕಿಗೆ ಹೋಗಿ ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್ ಚುಚ್ಚಿಸಿಕೊಂಡೆ. ಆರನೇ ದಿನಕ್ಕೆ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ. ಲಕ್ವಾ ಹೊಡೆದಿದೆ ಅಂತ ನಮ್ಮ ಅತ್ತೆ ಅಳುತ್ತಿದ್ದಾರೆ. ಕ್ಲಿನಿಕ್‌ನವರು ‘ಮಸಾಜ್ ಮಾಡ್ಕೊಳ್ಳಿ’ ಅಂದು ಫೋನ್ ಇಟ್ಟರು. ಇದು ಹೀಗೇ ಉಳಿಯುತ್ತಾ?
— ಓದುಗರು, ಗದಗ

ಉತ್ತರ: ಉಳಿಯುವುದಿಲ್ಲ. ಈ ಔಷಧ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ, ಸ್ನಾಯು ಬಿಗಿಯುವುದಿಲ್ಲ, ಗೆರೆ ಮಾಯ. ಸ್ವಲ್ಪ ಕೆಳಗೆ ಜರುಗಿ ರೆಪ್ಪೆ ಎತ್ತುವ ಸ್ನಾಯುವಿಗೆ ತಗುಲಿದರೆ ನಿಮಗಾದ ಹಾಗೆ ಆಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಗೆರೆಯ ಮೇಲಿನ ಪರಿಣಾಮವೂ 3-4 ತಿಂಗಳಷ್ಟೇ.

ಅತ್ತೆಯವರ ಭಯ ಸುಮ್ನೆ ಅಲ್ಲ. ಬಾಯಿ ಸೊಟ್ಟಗಾಗಿದೆಯಾ, ಕೈ ಸೋಲುತ್ತಿದೆಯಾ, ಮಾತು ತೊದಲುತ್ತಿದೆಯಾ ನೋಡಿ. ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ನುಂಗಲು, ಉಸಿರಾಡಲು ಕಷ್ಟವಾದರೂ ತಡ ಮಾಡಬೇಡಿ, ಔಷಧ ದೂರ ಹರಡಿದಾಗ ಹಾಗಾಗುವುದುಂಟು, ಅಪರೂಪಕ್ಕೆ. ಒಂದೇ ವಸ್ತು ಎರಡೆರಡಾಗಿ ಕಂಡರೂ ಅಷ್ಟೇ.

ಮಸಾಜ್ ಬೇಡ. ಆರು ದಿನದ ಮೇಲೆ ಉಜ್ಜಿದರೆ ಔಷಧ ಹೊರಗೆ ಬರುವುದಿಲ್ಲ, ಅದು ಆಗಲೇ ನರದ ತುದಿಗೆ ಕೂತಿರುತ್ತದೆ. ಅದರ ಪರಿಣಾಮ ತೆಗೆಯುವ ಮದ್ದೂ ಇಲ್ಲ. ಆದರೆ ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತುವ ಡ್ರಾಪ್ಸ್ ಇವೆ, ಕಣ್ಣಿನ ಡಾಕ್ಟರು ನೋಡಿ ಕೊಡಬೇಕು, ನೀವೇ ಅಂಗಡಿಯಿಂದ ತಂದು ಹಾಕಿಕೊಳ್ಳಬೇಡಿ.

ಇನ್ನೊಂದು ಮಾತು. ಯಾವ ವನಸ್ಪತಿಯನ್ನೂ ಡಾಲ್ಡಾ ಅನ್ನುವ ಹಾಗೆ, ಯಾವ ಕಂಪನಿಯ ಇಂಥ ಔಷಧಕ್ಕೂ ಬೊಟಾಕ್ಸ್ ಅನ್ನೋ ಹೆಸರೇ ಆಗಿದೆ. ಕಂಪನಿ ಬೇರೆಯಾದರೆ ಯೂನಿಟ್ ಲೆಕ್ಕವೂ ಬೇರೆ. ಅದಕ್ಕೇ ಕ್ಲಿನಿಕ್‌ನಿಂದ ಬಾಟಲಿಯ ಹೆಸರು, ಬ್ಯಾಚ್ ನಂಬರ್, ಎಷ್ಟು ಯೂನಿಟ್ ಚುಚ್ಚಿದರು ಅನ್ನುವುದನ್ನು ಬರೆಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಮತ್ತೆ ಆ ಮೆಟ್ಟಿಲು ಹತ್ತಬೇಡಿ. ಮುಂದೆ ಯಾವತ್ತಾದರೂ ಮನಸ್ಸು ಮಾಡಿದರೆ ಚರ್ಮದ ಡಾಕ್ಟರ ಹತ್ತಿರ, ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲೇ. ಪೂರ್ತಿ ಪರಿಣಾಮ ಕಾಣಲು ಎರಡು ವಾರ ಬೇಕು, ಹೆಚ್ಚುಕಮ್ಮಿ ಆದರೂ ಸರಿಪಡಿಸಲು ಸಮಯ ಇರುತ್ತದೆ. ಈ ಮದುವೆಗೆ ಫೋಟೋದವರಿಗೆ ಬಲಗಡೆಯಿಂದ ತೆಗೆಯಲು ಹೇಳಿ, ಅಷ್ಟೇ.

ಪ್ರಶ್ನೆ: ಮಗುವಿಗೆ ಹಾಲು ಕುಡಿಸುತ್ತಿದ್ದೇನೆ. ಪಾರ್ಲರ್‌ನಲ್ಲಿ ಬೊಟಾಕ್ಸ್‌ಗೆ ರಿಯಾಯಿತಿ ಇದೆ, ಮಾಡಿಸಬಹುದಾ?
— ಓದುಗರು, ಹಾವೇರಿ

ಉತ್ತರ: ಈಗ ಬೇಡ. ಪಾರ್ಲರ್‌ನಲ್ಲಿ ಯಾವಾಗಲೂ ಬೇಡ.